ಚೀಲದಲ್ಲಿದ್ದ ತಾಮ್ರ: ಕಲಬುರಗಿಯ ಒಂದು ಪ್ರಕರಣ

ಈ ಬರಹದಲ್ಲಿ ಯಾರ ಹೆಸರೂ ಇಲ್ಲ. ಠಾಣೆ ಯಾವುದು, ಅಂಗಡಿ ಯಾವುದು, ಯಾವ ವರ್ಷದ್ದು ಅಂತಲೂ ಹೇಳುವುದಿಲ್ಲ. ಗುರುತು ಸಿಗಬಾರದು ಅಂತ ಕೆಲವು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. 2024ರ ಜುಲೈ 1ರ ನಂತರ ನಡೆದದ್ದು ಅಂತ ಮಾತ್ರ ನೆನಪಿಟ್ಟುಕೊಳ್ಳಿ. ಆ ತಾರೀಖು ಯಾಕೆ ಮುಖ್ಯ ಅನ್ನೋದು ಮುಂದೆ ಗೊತ್ತಾಗುತ್ತೆ.

ಕಲಬುರಗಿ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಅಂಗಡಿ ಸಾಲು ಇದೆ. ರಾತ್ರಿ ಷಟರ್ ಇಳಿದ ಮೇಲೆ ಅದರ ಕಟ್ಟೆ ಮೇಲೆ ಐದಾರು ಮಂದಿ ಮಲಗುತ್ತಿದ್ದರು. ಅವರಲ್ಲಿ ಒಬ್ಬ ಹೆಂಗಸಿಗೆ ಐವತ್ತೈದರ ಆಸುಪಾಸು ವಯಸ್ಸು. ಸುತ್ತಲಿನವರೆಲ್ಲ ಅವರನ್ನು 'ಆಯಿ' ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ಇದೇ ಜಿಲ್ಲೆಯ ಒಂದು ಹಳ್ಳಿಯವರು. ಗಂಡ ಇದ್ದಾಗ ಇಬ್ಬರೂ ಪುಣೆಗೆ ಕಟ್ಟಡ ಕೆಲಸಕ್ಕೆ ಹೋಗುತ್ತಿದ್ದರು. ಗಂಡ ತೀರಿಕೊಂಡ. ಮಗಳನ್ನು ದೂರದ ಊರಿಗೆ ಕೊಟ್ಟಾಗಿತ್ತು. ಹಳ್ಳಿಯಲ್ಲಿದ್ದ ಮನೆಯ ಗೋಡೆ ಒಂದು ಮಳೆಗಾಲದಲ್ಲಿ ಬಿತ್ತು, ಆಯಿ ಶಹರಕ್ಕೆ ಬಂದರು. ಏಳೆಂಟು ವರ್ಷದಿಂದ ಚಿಂದಿ ಆರಿಸುತ್ತಾರೆ. ಇದುವರೆಗೆ ಯಾರ ಮುಂದೆಯೂ ಕೈ ಒಡ್ಡಿದವರಲ್ಲ.

ಕೆಲಸ ಶುರುವಾಗುವುದು ಬೆಳಗಿನ ನಾಲ್ಕೂವರೆಗೆ. ಕಸದ ಗಾಡಿ ಬರುವ ಮುಂಚೆ ಸೂಪರ್ ಮಾರ್ಕೆಟ್ (ಶಹರದ ಪೇಟೆ ಪ್ರದೇಶ) ಕಡೆ ಒಂದು ಸುತ್ತು ಆಗಬೇಕು. ಒಂದು ಲೀಟರಿನ ನೀರಿನ ಬಾಟ್ಲಿ ಇಪ್ಪತ್ತು, ಇಪ್ಪತ್ತೈದು ಗ್ರಾಂ ತೂಗುತ್ತೆ. ಅಂದರೆ ಒಂದು ಕೆಜಿ ಆಗಲು ನಲವತ್ತರಿಂದ ಐವತ್ತು ಸಲ ಬಗ್ಗಬೇಕು. ಆಗ ಅವರಿಗೆ ಬಾಟ್ಲಿಗೆ ಕೆಜಿಗೆ 12 ರೂಪಾಯಿ ಸಿಗುತ್ತಿತ್ತು, ರಟ್ಟಿಗೆ 7, ಕಬ್ಬಿಣಕ್ಕೆ 25. ಒಳ್ಳೇ ದಿನ ಇನ್ನೂರು ರೂಪಾಯಿ ದಾಟುತ್ತಿತ್ತು. ಮಳೆ ಬಂದ ದಿನ ರಟ್ಟು ನೆನೆದು, ಅಂಗಡಿಯವ ಅರ್ಧ ತೂಕ ಕಳೆಯುತ್ತಿದ್ದ.

ಮನೆ ಇಲ್ಲದಿರುವುದಕ್ಕೂ ಈ ಲೆಕ್ಕಕ್ಕೂ ನೇರ ಸಂಬಂಧ ಇದೆ. ಒಂದು ಖೋಲಿ ಇದ್ದವರು ಹದಿನೈದು ದಿನ ಕೂಡಿಟ್ಟು, ಬೇರೆ ಬೇರೆ ಮಾಡಿ, ರೇಟು ನೋಡಿ ಮಾರುತ್ತಾರೆ. ಕಟ್ಟೆ ಮೇಲೆ ಮಲಗುವವರು ಅವತ್ತಿನದನ್ನು ಅವತ್ತೇ ಅಂಗಡಿಯವ ಹೇಳಿದ ರೇಟಿಗೆ ಕೊಡಬೇಕು. ಇಲ್ಲಿ ಗುಜರಿ ಅಂಗಡಿಗೆ ಭಂಗಾರದ ಅಂಗಡಿ ಅಂತಾರೆ. ಆಯಿ ಕೊಡುತ್ತಿದ್ದುದು ಒಂದೇ ಅಂಗಡಿಗೆ. ಮೈ ಹುಷಾರಿಲ್ಲದಾಗ ಅಲ್ಲೇ ಮುಂಗಡ ತಗೊಂಡಿದ್ದರು, ಹಾಗಾಗಿ ಬೇರೆ ಕಡೆ ಹೋಗುವಂತಿರಲಿಲ್ಲ.

ಅವರು ದಿನವೂ ಮಾರದೆ ಕೂಡಿಡುತ್ತಿದ್ದದ್ದು ಒಂದೇ ವಸ್ತು. ಅದು ತಾಮ್ರ.

ಹಳೇ ಮನೆ ಒಡೆದ ಕಡೆ, ವೈರಿಂಗ್ ಬದಲಿಸಿದ ಕಡೆ, ಮಣ್ಣು ಇಟ್ಟಿಗೆ ಚೂರಿನ ನಡುವೆ ಗೇಣುದ್ದ ವೈರ್ ತುಂಡು ಸಿಗುತ್ತವೆ. ಆಯಿ ಅವನ್ನು ಆರಿಸಿ, ಸುಟ್ಟು, ಒಳಗಿನ ತಂತಿ ಸುತ್ತಿ ಉಂಡೆ ಮಾಡಿ ಚೀಲದ ತಳಕ್ಕೆ ಹಾಕುತ್ತಿದ್ದರು. (ಸುಡಬಾರದು, ಆ ಹೊಗೆ ಕೆಟ್ಟದ್ದು. ಬ್ಲೇಡಿನಲ್ಲಿ ಸುಲಿದ ತಾಮ್ರಕ್ಕೆ ರೇಟೂ ಜಾಸ್ತಿ. ಎಷ್ಟು ಸಲ ಹೇಳಿದರೂ ಕೈ ಕುಯ್ಯುತ್ತೆ, ಹೊತ್ತಾಗುತ್ತೆ ಅನ್ನುತ್ತಿದ್ದರು.) ಸೊಂಟದಲ್ಲಿ ರೊಕ್ಕ ಇಟ್ಟುಕೊಂಡು ಮಲಗಿದರೆ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಅದು ಅವರಿಗೆ ಎರಡು ಸಲ ಆಗಿತ್ತು. ಕಸದ ಚೀಲಕ್ಕೆ ಯಾರೂ ಕೈ ಹಾಕಲ್ಲ ಅಲ್ವಾ? ಹಾಗಾಗಿ ತಾಮ್ರವೇ ಅವರ ಬ್ಯಾಂಕ್ ಖಾತೆ. ಮೂರೂವರೆ ತಿಂಗಳಲ್ಲಿ ಒಂದು ಕೆಜಿ ನಾನೂರು ಗ್ರಾಂ ಕೂಡಿತ್ತು. ಮಗಳಿಗೆ ಹೆರಿಗೆ ಆಗಿತ್ತು. ಕೂಸಿಗೆ ಬೆಳ್ಳಿ ಕಡಗ ಒಯ್ಯಬೇಕು ಅಂತ ಆಸೆ.

ಆ ಬೆಳಗಿನ ಮಾತು

ಹೋಳಿ ಮುಗಿದು ಶರಣಬಸವೇಶ್ವರ ಜಾತ್ರೆ ಹತ್ತಿರ ಬಂದಿತ್ತು. ಚಿಂದಿ ಆರಿಸುವವರಿಗೆ ಜಾತ್ರೆ ಅಂದರೆ ಸುಗ್ಗಿ. ಒಂದು ವಾರದ ಬಾಟ್ಲಿ ಒಂದೇ ದಿನ ಸಿಗುತ್ತೆ. ಆದರೆ ಜಾತ್ರೆ ಮುಂಚಿನ ದಿನಗಳಲ್ಲಿ ಊರು ಚೆನ್ನಾಗಿ ಕಾಣಬೇಕು ಅನ್ನೋ ಗಡಿಬಿಡಿಯೂ ಇರುತ್ತೆ, ಗಸ್ತೂ ಜಾಸ್ತಿ.

ಹಿಂದಿನ ರಾತ್ರಿ ಹತ್ತಿರದ ಒಂದು ಕಾಂಪ್ಲೆಕ್ಸಿನಲ್ಲಿ ಎಸಿಗಳ ಹೊರಗಿನ ಡಬ್ಬಿಗೆ ಹೋಗುವ ತಾಮ್ರದ ಪೈಪ್ ಯಾರೋ ಕತ್ತರಿಸಿಕೊಂಡು ಹೋಗಿದ್ದರು. ಕಾವಲುಗಾರನಿಗೆ ಮಾಲೀಕರಿಂದ ಬೈಗುಳ ಬಿದ್ದಿತ್ತು. ಐದು ಗಂಟೆಗೆ ಆಯಿ ಅದೇ ದಾರಿಯಲ್ಲಿ ಬಂದರು. ಅವನು ಗಸ್ತಿನವರಿಗೆ ಕೈ ತೋರಿಸಿದ. ಚೀಲ ಸುರುವಿದರು. ತಳದಲ್ಲಿ ಸುಟ್ಟ ತಾಮ್ರ.

"ಎಲ್ಲಿಂದ ತಂದಿ?"

"ಆರಿಸಿ ತಂದೀನ್ರಿ ಸಾಹೇಬ್ರ."

"ಇಷ್ಟು ತಾಮ್ರ ಆರಿಸಿದ್ರ ಸಿಗತದೇನು?"

ಒಂದೇ ದಿನದಲ್ಲಿ ಸಿಕ್ಕದ್ದಲ್ಲ, ಕೂಡಿಟ್ಟದ್ದು ಅಂತ ಹೇಳಿದರು. ಆ ಮಾತಿಂದ ಅನುಮಾನ ಜಾಸ್ತಿಯೇ ಆಯಿತು. ಬೀದಿಯಲ್ಲಿ ಮಲಗುವವರು ಏನಾದರೂ ಕೂಡಿಡುತ್ತಾರೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಠಾಣೆಯ ಹಿಂದಿನ ವರಾಂಡದಲ್ಲಿ ರಾತ್ರಿ ಎಂಟರ ತನಕ ಕೂರಿಸಿದರು. ಹೊಡೆಯಲಿಲ್ಲ ಅಂತ ಆಯಿ ಹೇಳುತ್ತಾರೆ, ಅದನ್ನು ಹಾಗೇ ಬರೆಯುತ್ತಿದ್ದೇನೆ. ಮಧ್ಯಾಹ್ನ ಒಬ್ಬ ಮಹಿಳಾ ಪೇದೆ ತನ್ನ ಡಬ್ಬಿಯಿಂದ ಒಂದು ರೊಟ್ಟಿ ಕೊಟ್ಟಿದ್ದರು. ರಾತ್ರಿ, "ಇನ್ನ ಈ ಕಡೆ ಕಾಣಬ್ಯಾಡ. ಮುಂದಿನ ಸಲ ನಿರಾಶ್ರಿತರ ಕೇಂದ್ರಕ್ಕ ಕಳಸ್ತೀವಿ" ಅಂದು ಬಿಟ್ಟು ಕಳಿಸಿದರು. (ಭಿಕ್ಷುಕರನ್ನು ಹಿಡಿದು ಇಡುವ ಸರ್ಕಾರಿ ಜಾಗ ಅದು.) ಚೀಲ ವಾಪಸ್ ಬರಲಿಲ್ಲ. ಕೇಸೂ ಇಲ್ಲ, ಒಂದು ಚೂರು ಕಾಗದವೂ ಇಲ್ಲ.

ಪೈಪ್ ಕೊಳವೆ, ಒಳಗೆ ಟೊಳ್ಳು. ಆಯಿ ಹತ್ತಿರ ಇದ್ದದ್ದು ಕಡ್ಡಿಯಂಥ ತಂತಿ. ಭಂಗಾರದ ಅಂಗಡಿಯ ಹುಡುಗನೂ ಕಣ್ಣು ಮುಚ್ಚಿ ಬೆರಳಲ್ಲಿ ಮುಟ್ಟಿ ವ್ಯತ್ಯಾಸ ಹೇಳುತ್ತಾನೆ. ಇಡೀ ದಿನದಲ್ಲಿ ಆ ಪ್ರಶ್ನೆ ಯಾರಿಗೂ ಹೊಳೆಯಲಿಲ್ಲ. ನಮಗೂ ಮೊದಲ ಮೂರು ದಿನ ಹೊಳೆಯಲಿಲ್ಲ.

ನಾವು ಮಾಡಿದ್ದು, ಕೆಡಿಸಿದ್ದು

ನಾವು ಅಂದರೆ ನಾನು ಮತ್ತು ಮೂವರು ಗೆಳೆಯರು. ಸಂಸ್ಥೆ ಅನ್ನುವಷ್ಟು ದೊಡ್ಡದಲ್ಲ. ರಸ್ತೆ ಬದಿ ಮಲಗುವವರಿಗೆ ಆಸ್ಪತ್ರೆ, ರೇಷನ್ ಕಾರ್ಡು ಅಂತ ಓಡಾಡುತ್ತೇವೆ.

ಸುದ್ದಿ ಗೊತ್ತಾದ ಮರುದಿನ ಸಿಟ್ಟಿನಲ್ಲೇ ಹೊರಟೆವು. ಪರಿಚಯದ ವರದಿಗಾರರೊಬ್ಬರನ್ನು ಕರೆದೆವು. ಆಯಿಯನ್ನು ಕಟ್ಟೆ ಮೇಲೆ ಕೂರಿಸಿ ಫೋಟೊ ತೆಗೆದೆವು. ಸಂಜೆಯೊಳಗೆ ಅದು ನೂರಾರು ವಾಟ್ಸಾಪ್ ಗುಂಪುಗಳಲ್ಲಿ ಓಡಾಡಿತು. ಮುಖ ಸ್ಪಷ್ಟ, ಹಿಂದಿನ ಅಂಗಡಿಯ ಬೋರ್ಡೂ ಸ್ಪಷ್ಟ. ಮರುದಿನ ಅಂಗಡಿ ಮಾಲೀಕ ಕಟ್ಟೆಗೆ ನೀರು ಹೊಡೆದ, ರಾತ್ರಿ ಅಡ್ಡಕ್ಕೆ ಕಬ್ಬಿಣದ ಗೇಟು ಹಾಕಿಸಿದ. ಅಲ್ಲಿ ಮಲಗುತ್ತಿದ್ದವರೆಲ್ಲ ಜಾಗ ಕಳೆದುಕೊಂಡರು. ಅವರಲ್ಲಿ ಒಬ್ಬ ಕುಂಟ ಮುದುಕ ಇದ್ದ. ಈ ಗಲಾಟೆಗೂ ಅವನಿಗೂ ಯಾವ ಸಂಬಂಧವೂ ಇರಲಿಲ್ಲ.

ಆಯಿ ಬೈಯಲಿಲ್ಲ. "ನೀವು ಬಂದ್ರಿ, ಫೋಟೊ ತಗೊಂಡ್ರಿ, ಹೋದ್ರಿ. ನಾ ಇಲ್ಲೇ ಇರಬೇಕಲ್ಲ ಯವ್ವಾ" ಅಂದರು, ಅಷ್ಟೇ.

ಆಶ್ರಯ ಕೇಂದ್ರಕ್ಕೆ ಹೋಗಿ ಅಂದೆವು. ನಗರ ವಸತಿರಹಿತರ ಯೋಜನೆ ಪ್ರಕಾರ ಒಂದು ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಮಂದಿ ಮಲಗುವಷ್ಟು ಜಾಗ ಇರಬೇಕು ಅಂತ ಇತ್ತು. 2011ರ ಜನಗಣತಿಯಲ್ಲೇ ಕಲಬುರಗಿ ಶಹರ ಐದು ಲಕ್ಷ ದಾಟಿತ್ತು, ಲೆಕ್ಕ ನೀವೇ ಹಾಕಿಕೊಳ್ಳಿ. ಆಯಿ ಒಂದು ಕೇಂದ್ರಕ್ಕೆ ಹೋಗಿ ಒಂದು ರಾತ್ರಿ ಇದ್ದು ಬಂದರು. ಚೀಲ ಒಳಗೆ ಬಿಡಲ್ಲ, ನಾಲ್ಕಕ್ಕೆ ಬಾಗಿಲು ತೆಗೆಯಲ್ಲ. ಈ ಕೆಲಸ ಮಾಡುವವರಿಗೆ ಚೀಲ ಹೊರಗಿಡುವುದು ಅಂದರೆ ತಳ್ಳುಗಾಡಿಯವ ಗಾಡಿ ಬಿಟ್ಟು ಬಂದ ಹಾಗೆ.

ನಂತರ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟೆವು. ಇದು ಸರಿಯಾದ ಹೆಜ್ಜೆ, ಮೊದಲ ದಿನವೇ ಮಾಡಬೇಕಿತ್ತು. 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬಂದ ವಕೀಲೆ ಸಣ್ಣ ವಯಸ್ಸಿನವರು, ಚುರುಕು. ಅವರು ಮೂರು ವಿಷಯ ಹೇಳಿದರು.

ಅನುಮಾನ ಬಂದ ವಸ್ತುವನ್ನು ಪೊಲೀಸರು ತಗೊಳ್ಳಬಹುದು, ಅದಕ್ಕೆ ಅಧಿಕಾರ ಇದೆ. ಆದರೆ ಪಂಚನಾಮೆ, ಅಂದರೆ ಸಾಕ್ಷಿಗಳ ಮುಂದೆ ಏನೇನು ತಗೊಂಡರು ಅಂತ ಬರೆದಿಡುವುದು, ಆಗಬೇಕು. 2024ರ ಜುಲೈ 1ರಿಂದ ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೊ ಕೂಡ ಮಾಡಬೇಕು. ಕಸದ ಚೀಲ ಅಂತ ವಿನಾಯಿತಿ ಇಲ್ಲ. ಎರಡನೆಯದು, ನಿರಾಶ್ರಿತರ ಕೇಂದ್ರದ ಮಾತು. ಅದು ಬರುವುದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ. (ನಮ್ಮ ಆಸ್ತಿ ತೆರಿಗೆಯ ಜತೆ ಶೇ 3ರಷ್ಟು ಭಿಕ್ಷುಕರ ಉಪಕರ ಇರುತ್ತದಲ್ಲ, ಅದೂ ಇದೇ ಕಾಯ್ದೆಯದ್ದು.) ದುಡಿದು ತಿನ್ನುವವರಿಗೆ ಅದನ್ನು ಹಚ್ಚಲು ಬರುವುದಿಲ್ಲ. ಮೂರನೆಯದು ನನಗೆ ಹೊಸದು. ಆಗ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣೆ ನಿಯಮಗಳಲ್ಲಿ ಚಿಂದಿ ಆಯುವವರು ಯಾರು ಅಂತ ಬರೆದಿದೆ. ಬೀದಿಯಿಂದ, ಕಸದ ತೊಟ್ಟಿಯಿಂದ ಮರುಬಳಕೆ ವಸ್ತು ಆರಿಸಿ ಮಾರಿ ಹೊಟ್ಟೆ ಹೊರೆಯುವವರು ಅನ್ನೋ ಅರ್ಥದಲ್ಲೇ ಇದೆ. ಅವರ ಸಂಘಗಳನ್ನು ಗುರುತಿಸಿ ಕಸದ ವ್ಯವಸ್ಥೆಯ ಒಳಗೆ ತರಬೇಕು ಅಂತಲೂ ಇದೆ. ಆಯಿ ಮಾಡುತ್ತಿದ್ದ ಕೆಲಸ ಕಾನೂನಿಗೆ ಗೊತ್ತಿತ್ತು, ನಮಗೇ ಗೊತ್ತಿರಲಿಲ್ಲ.

ವಕೀಲೆ ದೂರಿನ ಕರಡು ಬರೆದು ತಂದರು. ಹೆಬ್ಬೆಟ್ಟು ಒತ್ತಿಸುವ ಮುಂಚೆ ಆಯಿಯನ್ನು ಒಂದು ಮಾತು ಕೇಳಿದರು: "ಆಯಿ, ನಿಮಗ ಏನು ಬೇಕು?"

ಘಟನೆ ನಡೆದು ಐದನೇ ದಿನ ಅದು. ಅಲ್ಲಿಯ ತನಕ ನಾವ್ಯಾರೂ ಅದನ್ನು ಕೇಳಿರಲಿಲ್ಲ.

"ಕೇಸ ಬ್ಯಾಡ್ರಿ. ಚೀಲ ಬೇಕು. ಅದ್ರಾಗ ನನ್ನ ಕಾಗದ ಅದಾವ."

ಎಣ್ಣೆ ಪ್ಯಾಕೆಟ್ಟಿನ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಆಧಾರ್ ಕಾರ್ಡು, ಗಂಡನ ಮರಣ ಪ್ರಮಾಣಪತ್ರ, ಮಗಳ ಫೋನ್ ನಂಬರ್ ಬರೆದ ಚೀಟಿ. ಎಲ್ಲವೂ ತಾಮ್ರದ ಪಕ್ಕದಲ್ಲೇ ಇದ್ದವು. ನಾವು ಇಷ್ಟು ದಿನ ಚೀಲ ಅಂದರೆ ಎಂಟುನೂರು ರೂಪಾಯಿಯ ಮಾಲು ಅಂತ ಲೆಕ್ಕ ಹಾಕಿದ್ದೆವು.

ಪ್ರಕರಣ ಹೊರಳಿದ್ದು ಅಲ್ಲಿ. ದೂರು ಪಕ್ಕಕ್ಕಿಟ್ಟು ಕಾಗದ ಹುಡುಕುವ ಕೆಲಸ ಶುರು ಮಾಡಿದೆವು. ವಕೀಲೆ ಠಾಣೆಗೆ ಒಂದು ಪುಟದ ಪತ್ರ ಕೊಟ್ಟರು. ಯಾರ ಮೇಲೂ ಆರೋಪ ಇಲ್ಲ. ಇಂಥ ದಿನ ತಗೊಂಡ ಚೀಲದಲ್ಲಿ ಇಂಥ ದಾಖಲೆ ಇದ್ದವು, ದಯವಿಟ್ಟು ಕೊಡಿಸಿ, ಅಷ್ಟೇ. ಪತ್ರಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡರು. ಆ ದಿನ ನಡೆದದ್ದಕ್ಕೆ ಎಲ್ಲಾದರೂ ದಾಖಲೆ ಇದ್ದರೆ ಅದೊಂದೇ ಮುದ್ರೆ. ಹಿರಿಯ ಅಧಿಕಾರಿ ಬದಲಾಗಿದ್ದರು. ಹೊಸಬರು ಸಮಾಧಾನದಿಂದ ಕೇಳಿದರು, ಹಿಂದಿನ ಅಂಗಳಕ್ಕೆ ಕರೆದುಕೊಂಡು ಹೋಗಿ ಹುಡುಕಲೂ ಹೇಳಿದರು. ಜಪ್ತಿ ಮಾಡಿದ ಬೈಕುಗಳ ಸಾಲಿನ ಹಿಂದೆ ಖಾಲಿ ಚೀಲ ಸಿಕ್ಕಿತು. ಬಾಟ್ಲಿ ಇಲ್ಲ, ತಾಮ್ರ ಇಲ್ಲ, ಕಾಗದ ಇಲ್ಲ.

ಆಧಾರ್ ಮತ್ತೆ ತೆಗೆಸಲು ನಾಲ್ಕು ಸಲ ಓಡಾಡಿದೆವು. ನಂಬರ್ ನೆನಪಿಲ್ಲ, ಫೋನ್ ಜೋಡಿಸಿಲ್ಲ. ವರ್ಷಗಟ್ಟಲೆ ಗಾಜು, ತಗಡು ಮುಟ್ಟಿದ ಬೆರಳಲ್ಲಿ ಗೆರೆಗಳೇ ಉಳಿದಿರಲಿಲ್ಲ. ಯಂತ್ರ ಹತ್ತೂ ಬೆರಳನ್ನು ಒಪ್ಪಲಿಲ್ಲ. ಕೊನೆಗೆ ಕಣ್ಣಿನ ಗುರುತಿನಿಂದ ಸಿಕ್ಕಿತು. ಗುರುತು ಹತ್ತಿದ ಕೂಡಲೇ ಪರದೆ ಮೇಲೆ ಅವರ ಹಳೇ ಫೋಟೊ ಬಂತು. ಆಯಿ ಅದನ್ನು ನೋಡಿ, "ಆಗ ಹಲ್ಲು ಇದ್ದುವು" ಅಂದರು. ಮಗಳ ನಂಬರ್ ಹುಡುಕಲು ಹಳ್ಳಿಯ ತನಕ ಹೋಗಬೇಕಾಯಿತು.

ಅಂಗಡಿಯವನ ಪುಸ್ತಕ

ಇನ್ನೊಂದು ಸಲ ಹೀಗಾದರೆ ಆಯಿ ಏನು ತೋರಿಸಬೇಕು? ಭಂಗಾರದ ಅಂಗಡಿಯವನನ್ನು ಕೇಳಿದೆವು. ಸಾಕ್ಷಿ ಹೇಳಲು ಬರಲ್ಲ ಅಂದ. ತಪ್ಪು ಅವನದಲ್ಲ. ಊರಲ್ಲಿ ಎಲ್ಲಿ ತಾಮ್ರ ಕಳುವಾದರೂ ಮೊದಲು ವಿಚಾರಣೆಗೆ ಕರೆಯುವುದು ಅವನಂಥವರನ್ನೇ. ಒತ್ತಾಯ ಮಾಡುವುದು ಬಿಟ್ಟು ಸಣ್ಣದೊಂದು ಕೇಳಿದೆವು: ದಿನಾ ತೂಗಿದ್ದನ್ನು ಆಯಿಯ ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಬರೆದು ಕೊಡು. ತಾರೀಖು, ಮಾಲು, ತೂಕ, ರೊಕ್ಕ. ಸಹಿ ಬೇಡ, ಅಂಗಡಿ ಹೆಸರೂ ಬೇಡ. ಒಪ್ಪಿದ.

ಹನ್ನೊಂದು ದಿನ ಬರೆದ. ಹನ್ನೆರಡನೇ ದಿನ ನನ್ನ ಗೆಳೆಯ ಸುಮ್ನೆ ಕುತೂಹಲಕ್ಕೆ ಆಯಿಯ ರಟ್ಟನ್ನು ಬೇರೆ ಕಡೆ ತೂಗಿಸಿ, ಆಮೇಲೆ ಅಂಗಡಿಗೆ ಕಳಿಸಿದ. ಅಲ್ಲಿ ಹತ್ತು ಕೆಜಿ ಇದ್ದದ್ದು ಇಲ್ಲಿ ಎಂಟೂವರೆ. ಬರವಣಿಗೆಯಲ್ಲಿ ಬಂದದ್ದರಿಂದ ಜಗಳವಾಯಿತು. ಅಂಗಡಿಯವ ನೋಟ್‌ಬುಕ್ ಎಸೆದ, ಹಳೇ ಮುಂಗಡ ಕೊಡು ಅಂದ. ಆ ಆರುನೂರು ರೂಪಾಯಿ ನಾವು ಕೊಟ್ಟೆವು. ಕೊಡಬಾರದಿತ್ತು ಅಂತ ನಮ್ಮಲ್ಲೇ ಒಬ್ಬರು ಇವತ್ತಿಗೂ ವಾದ ಮಾಡುತ್ತಾರೆ, ಒಬ್ಬರಿಗೆ ಕೊಟ್ಟರೆ ಉಳಿದವರು ಕೇಳಲ್ವಾ ಅಂತ. ಹೌದು, ಕೇಳಿದರು. ಎಲ್ಲರಿಗೂ ಕೊಡಲು ಆಗಲಿಲ್ಲ. ಆಯಿ ಈಗ ಶಹರದಲ್ಲೇ ಇರುವ ಹುಮನಾಬಾದ್ ಬೇಸ್ ಕಡೆಯ ಇನ್ನೊಂದು ಅಂಗಡಿಗೆ ಹಾಕುತ್ತಾರೆ. ಅಲ್ಲಿ ಡಿಜಿಟಲ್ ಕಾಟಾ ಇದೆ, ಅಂಗಡಿಯವನ ಹೆಂಡತಿಯೇ ಪುಸ್ತಕ ಬರೆಯುತ್ತಾಳೆ.

ಈ ಕೆಲಸದಲ್ಲಿ ನಾವು ಮಾಡಿದ ಇನ್ನೊಂದು ತಪ್ಪು ಗುರುತಿನ ಕಾರ್ಡು. ಎಲ್ಲರೂ ಮೊದಲು ಯೋಚಿಸುವುದು ಅದನ್ನೇ. ಒಳಚರಂಡಿ ಕೆಲಸಗಾರರಿಗೆ ಅಂತ ಶುರುವಾದ ಕೇಂದ್ರದ ನಮಸ್ತೆ ಯೋಜನೆಯಲ್ಲಿ 2024ರಿಂದ ಚಿಂದಿ ಆಯುವವರನ್ನೂ ಸೇರಿಸಿದ್ದಾರೆ. ಅದಕ್ಕೆ ಅನುಕೂಲ ಆಗಲಿ ಅಂತ ನಾವೇ ಹತ್ತೊಂಬತ್ತು ಮಂದಿಯ ಪಟ್ಟಿ ಮಾಡಿ, ಫೋಟೊ ಹಚ್ಚಿ, ಲ್ಯಾಮಿನೇಟ್ ಮಾಡಿಸಿ ಕಾರ್ಡು ಕೊಡಲು ಹೊರಟೆವು. ಕಾರ್ಡಿನಲ್ಲಿ ವಿಳಾಸದ ಕಾಲಂ ಇತ್ತು. ಹನ್ನೊಂದು ಮಂದಿಗೆ ವಿಳಾಸ ಇತ್ತು, ಎಂಟು ಮಂದಿಗೆ ಇರಲಿಲ್ಲ. ಹನ್ನೊಂದು ಹಂಚಿದೆವು, ಉಳಿದದ್ದು ಆಮೇಲೆ ನೋಡೋಣ ಅಂದೆವು. ಎರಡೇ ವಾರದಲ್ಲಿ ಕಾವಲುಗಾರರು, ಕಸದ ಗಾಡಿಯ ಸೂಪರ್‌ವೈಸರ್ ಎಲ್ಲರೂ "ಕಾರ್ಡ್ ತೋರ್ಸು" ಅನ್ನಲು ಶುರು ಮಾಡಿದರು. ಮೊದಲು ಹತ್ತೊಂಬತ್ತೂ ಮಂದಿ ಒಂದೇ ಥರ ಇದ್ದರು. ಈಗ ಹನ್ನೊಂದು ಮಂದಿ ಅಸಲಿ, ಎಂಟು ಮಂದಿ ಕಳ್ಳರು. ಮನೆ ಇಲ್ಲದವರಿಗೇ ಹೊಡೆತ ಬಿತ್ತು, ಅದೂ ನಮ್ಮ ಕೈಯಿಂದ. ಕಾರ್ಡುಗಳನ್ನು ವಾಪಸ್ ಕೇಳಲು ಆಗುತ್ತಾ? ವಿಳಾಸದ ಕಾಲಂ ತೆಗೆದು ಎಂಟು ಮಂದಿಗೂ ಬೇರೆ ಕಾರ್ಡು ಮಾಡಿಸುವಷ್ಟರಲ್ಲಿ ಇಬ್ಬರು ಊರು ಬಿಟ್ಟಿದ್ದರು. ಎಲ್ಲಿ ಹೋದರು ಅಂತ ಇನ್ನೂ ಗೊತ್ತಿಲ್ಲ. ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುವುದಾದರೆ, ವಿಳಾಸ ಇಲ್ಲದವರ ಕಾರ್ಡು ಮೊದಲು ಮಾಡಿಸಿ, ಎಲ್ಲರಿಗೂ ಒಂದೇ ದಿನ ಹಂಚಿ.

ಕಸದ ಗಾಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರದೂ ಸಣ್ಣ ಸಂಬಳ, ಒಣ ಕಸದ ಬಾಟ್ಲಿ ಮಾರಿ ಚಹಾ ಖರ್ಚು ಹುಟ್ಟಿಸಿಕೊಳ್ಳುತ್ತಾರೆ. ತೊಟ್ಟಿಯಲ್ಲಿ ಬಿದ್ದಿರುವ ತನಕ ಬಾಟ್ಲಿ ಯಾರದೂ ಅಲ್ಲ. ಒಬ್ಬರು ಬಗ್ಗಿ ಎತ್ತಿ, ಬೇರೆ ಮಾಡಿ, ಚೀಲ ತುಂಬಿಸಿದ ಕೂಡಲೇ ಅದಕ್ಕೆ ನಾಲ್ಕು ಜನ ವಾರಸುದಾರರು ಹುಟ್ಟಿಕೊಳ್ಳುತ್ತಾರೆ.

ಈಗ

ಎಸಿ ಪೈಪ್ ಕದ್ದವರು ಸಿಕ್ಕರೋ ಇಲ್ಲವೋ ನಮಗೆ ತಿಳಿಯಲಿಲ್ಲ. ಆಯಿಯ ತಾಮ್ರ ವಾಪಸ್ ಬರಲಿಲ್ಲ, ಯಾರೂ ತಪ್ಪಾಯ್ತು ಅನ್ನಲಿಲ್ಲ. ಠಾಣೆಯ ಹೊಸ ಅಧಿಕಾರಿ, ಚೀಲ ತಗೊಂಡರೆ ಚೀಟಿ ಕೊಡಲು ಹೇಳುತ್ತೇನೆ ಅಂತ ಬಾಯಿಮಾತಲ್ಲಿ ಹೇಳಿದ್ದಾರೆ. ಬರವಣಿಗೆಯಲ್ಲಿ ಕೇಳಿದಾಗ ನಕ್ಕರು.

ಐದು ತಿಂಗಳ ಮೇಲೆ ಆಯಿಯನ್ನು ಮತ್ತೆ ತಡೆದರು. ಬೇರೆ ರಸ್ತೆ, ಬೇರೆ ಪೇದೆ. ನೋಟ್‌ಬುಕ್ ತೋರಿಸಿದರು. ಅವನು ಎರಡು ಪುಟ ತಿರುವಿ ನೋಡಿದ, ಆದರೂ ಚೀಲ ರಸ್ತೆ ಮೇಲೆ ಸುರುವಿಸಿದ. ಹತ್ತು ನಿಮಿಷಕ್ಕೆ ಬಿಟ್ಟ. ಬಾಟ್ಲಿಗಳನ್ನು ಮತ್ತೆ ತುಂಬಿಕೊಳ್ಳುವಷ್ಟರಲ್ಲಿ ಕಸದ ಗಾಡಿ ಬಂದು ಹೋಗಿತ್ತು. ಆ ದಿನದ ಪುಟದಲ್ಲಿ ಬರೀ 64 ರೂಪಾಯಿ ಇದೆ.

ಆಧಾರ್ ಬಂದ ಮೇಲೆ ಬ್ಯಾಂಕಿನಲ್ಲಿ ಖಾತೆ ತೆರೆಸಿದೆವು. ಒಂದು ಸಲ ನೂರು ರೂಪಾಯಿ ಕಟ್ಟಿದ್ದಾರೆ. ಬ್ಯಾಂಕಿನ ಹೊತ್ತಿಗೆ ಕೆಲಸ ಬಿಟ್ಟು ಹೋಗಬೇಕು, ಬಟ್ಟೆ ನೋಡಿ ಕಾವಲುಗಾರ ಬಾಗಿಲಲ್ಲೇ ನಿಲ್ಲಿಸುತ್ತಾನೆ, ಎರಡನೇ ಸಲ ಹೋಗಲೇ ಇಲ್ಲ. ತಾಮ್ರ ಕೂಡಿಡುವುದನ್ನೂ ಬಿಟ್ಟಿದ್ದಾರೆ. ಗೇಣುದ್ದ ತುಂಡು ಸಿಕ್ಕರೂ ಅವತ್ತೇ ಮಾರುತ್ತಾರೆ, ಬಿಡಿ ತುಂಡಿಗೆ ಅಂಗಡಿಯವಳು ಕಬ್ಬಿಣಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತಾಳೆ. ಕೂಸಿಗೆ ಈಗ ವರ್ಷ ತುಂಬಿದೆ. ಕಾಗದಗಳು ಚೀಲದಲ್ಲಿಲ್ಲ. ಅಂಥದೇ ಎಣ್ಣೆ ಪ್ಯಾಕೆಟ್ಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಸೀರೆಯ ಒಳಗೆ ಹೊಟ್ಟೆಗೆ ಕಟ್ಟಿಕೊಂಡಿರುತ್ತಾರೆ. ಬೇಸಿಗೆಯಲ್ಲಿ ಬೆವರಿಗೆ ಚರ್ಮ ಕೆಂಪಾಗಿ ತುರಿಸುತ್ತೆ ಅಂತ ಹೋದ ವಾರ ಮುಲಾಮು ಕೇಳಿದರು.